ಪೆಟ್ಟಿಗೆ ಅದೇ, ಒಳಗಿನ ಆಟ ಬೇರೆ: ಗೇಮ್ ಯಂತ್ರ ಬಿಚ್ಚಿದವರ ಕಥೆ

ತೊಂಬತ್ತರ ದಶಕದಲ್ಲಿ ಹುಡುಗರಾಗಿದ್ದವರ ಮುಂದೆ ‘ಮುಸ್ತಫಾ’ ಅಂತ ಒಂದು ಮಾತು ಹೇಳಿ ನೋಡಿ. ವಿಡಿಯೊ ಗೇಮ್ ಅಂಗಡಿಗೆ ಹೋಗಿ ಬಂದವರಾಗಿದ್ದರೆ ಮುಖ ಅರಳುತ್ತದೆ. ಆ ಆಟದ ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದದ್ದು. ಅದರ ನಾಲ್ವರು ನಾಯಕರಲ್ಲಿ ಒಬ್ಬ ಮುಸ್ತಫಾ. ಬಾಯಿಗೆ ಹತ್ತದ ಇಂಗ್ಲಿಷ್ ಹೆಸರನ್ನು ಬಿಟ್ಟು ನಮ್ಮ ದೇಶದ ಹುಡುಗರು ಅವನ ಹೆಸರನ್ನೇ ಆಟಕ್ಕೆ ಇಟ್ಟುಕೊಂಡರು.

ನಾಣ್ಯ ಹಾಕಿ ಆಡುತ್ತಿದ್ದ ಆ ಎತ್ತರದ ಮರದ ಪೆಟ್ಟಿಗೆಯಲ್ಲಿ ಮೊದಲಿನಿಂದಲೂ ಮುಸ್ತಫಾನೇ ಇದ್ದ ಅಂತ ತಿಳಿಯಬೇಡಿ. ಒಂದು ಆಟಕ್ಕೆಂದು ಬಂದ ಪೆಟ್ಟಿಗೆಗೆ ಬೋರ್ಡು ಬದಲಿಸಿ ಇನ್ನೊಂದು ಆಟ ಹಾಕುವುದು ಆ ವ್ಯಾಪಾರದ ಮಾಮೂಲಿ ಕೆಲಸ. ನಮ್ಮ ಎತ್ತಿನ ಗಾಡಿಗೆ ಮರದ ಚಕ್ರ ತೆಗೆದು ಟೈರ್ ಚಕ್ರ ಹಾಕಿದ ಹಾಗೆ. ಮೂಕಿ ಅದೇ, ನೊಗ ಅದೇ, ಓಟ ಮಾತ್ರ ಬೇರೆ.

ಇವತ್ತು ಮನೆಯಲ್ಲೇ ಇಂಥ ಪೆಟ್ಟಿಗೆ ಇಟ್ಟುಕೊಂಡು, ಅದರ ಒಳಗನ್ನು ಬದಲಿಸಿ, ಹತ್ತಾರು ಬಗೆಯ ಹಳೆಯ ಯಂತ್ರಗಳ ಆಟ ಆಡುವ ಹವ್ಯಾಸ ಲೋಕದ ತುಂಬ ಇದೆ. ಅದರ ಚರಿತ್ರೆ ಹಾಸನದಿಂದ ದೂರದ್ದು ಅನ್ನಿಸಬಹುದು. ಆದರೆ ಅದರ ಒಂದೆರಡು ಎಳೆ ನಮ್ಮ ಊರಿನ ಮೂಲಕವೇ ಹಾದು ಹೋಗಿದೆ.

ಅಂಗಡಿಯ ಟಿವಿ, ಮರದ ಪೆಟ್ಟಿಗೆ

1972ರಲ್ಲಿ ಅಮೆರಿಕದ ಅಟಾರಿ ಕಂಪನಿ ‘ಪಾಂಗ್’ ಎಂಬ ಆಟ ತಂದಿತು. ಎರಡು ಪಟ್ಟಿ, ಒಂದು ಚೆಂಡು, ಅಷ್ಟೇ. ಅದನ್ನು ಕಟ್ಟಿದ ಎಂಜಿನಿಯರ್ ಆಲನ್ ಆಲ್ಕಾರ್ನ್ ಮೊದಲ ಮಾದರಿಗೆ ಅಂಗಡಿಯಿಂದ ಮಾಮೂಲಿ ಕಪ್ಪು ಬಿಳುಪು ಟಿವಿಯೊಂದನ್ನು ತಂದು ಮರದ ಪೆಟ್ಟಿಗೆಯೊಳಗೆ ಕೂರಿಸಿದ್ದ. ಅದರಲ್ಲಿ ಪ್ರೋಗ್ರಾಮ್ ಎಂಬುದೇ ಇರಲಿಲ್ಲ. ಆಟವೆಲ್ಲ ವೈರು ಮತ್ತು ಚಿಪ್ಪುಗಳ ಜೋಡಣೆಯಲ್ಲೇ ಇತ್ತು. ಬೇರೆ ಆಟ ಬೇಕಿದ್ದರೆ ಇಡೀ ಸರ್ಕ್ಯೂಟನ್ನೇ ಹೊಸದಾಗಿ ಕಟ್ಟಬೇಕು.

ಮುಂದೆ ಆಟ ಚಿಪ್ಪಿನೊಳಗಿನ ಪ್ರೋಗ್ರಾಮ್ ಆಯಿತು. ಅಲ್ಲಿಂದ ಬದಲಾವಣೆಯ ದಾರಿ ತೆರೆಯಿತು. ಇದರ ಲಾಭ ದೊಡ್ಡದಾಗಿ ಕಂಡದ್ದು 1981ರಲ್ಲಿ. ಜಪಾನಿನ ನಿಂಟೆಂಡೊ ಕಂಪನಿಯ ಅಮೆರಿಕದ ಶಾಖೆ ‘ರೇಡಾರ್ ಸ್ಕೋಪ್’ ಎಂಬ ಆಟದ 3,000 ಪೆಟ್ಟಿಗೆ ತರಿಸಿತ್ತು. ಸುಮಾರು 1,000 ಮಾರಾಟವಾಗಿ, ಉಳಿದ 2,000 ಗೋದಾಮಿನಲ್ಲಿ ಕೂತವು. ಕಂಪನಿ ಮುಳುಗುವ ಸ್ಥಿತಿ. ಆಗ ಶಿಗೆರು ಮಿಯಾಮೊಟೊ ಎಂಬ ಯುವಕನಿಗೆ, ಇದೇ ಪೆಟ್ಟಿಗೆಗೆ ಹೊಂದುವ ಹೊಸ ಆಟ ಮಾಡು ಎಂದರು. ಅವನು ಮಾಡಿದ್ದು ‘ಡಾಂಕಿ ಕಾಂಗ್’. ಅಮೆರಿಕದಲ್ಲಿ ಶಾಖೆಯ ಮುಖ್ಯಸ್ಥ, ಅವನ ಹೆಂಡತಿ, ಜೊತೆಯ ಕೆಲವರು ಸೇರಿ ಒಂದೊಂದೇ ಪೆಟ್ಟಿಗೆ ಬಿಚ್ಚಿ, ಕೈಯಾರೆ ಹೊಸ ಆಟ ಹಾಕಿದರು. ಮೊದಮೊದಲ ಡಾಂಕಿ ಕಾಂಗ್ ಪೆಟ್ಟಿಗೆಗಳು ಕೆಂಪು ಬಣ್ಣದಲ್ಲಿ ಇರುವುದು ಇದೇ ಕಾರಣಕ್ಕೆ: ಅವು ರೇಡಾರ್ ಸ್ಕೋಪ್‌ನ ಪೆಟ್ಟಿಗೆಗಳು. ಆ ಆಟದ ಮೀಸೆಯ ಬಡಗಿಯೇ ಮುಂದೆ ಲೋಕಕ್ಕೆಲ್ಲ ಗೊತ್ತಾದ ಮಾರಿಯೊ.

ಅದೇ ವರ್ಷ ಅಮೆರಿಕದ ಕೆಲವು ಕಾಲೇಜು ಹುಡುಗರು ಅಟಾರಿಯ ‘ಮಿಸೈಲ್ ಕಮಾಂಡ್’ ಆಟಕ್ಕೆ ಹೆಚ್ಚುವರಿ ಬೋರ್ಡು ಮಾಡಿ ಮಾರಿದರು. ಹಳೆಯ ಯಂತ್ರಕ್ಕೆ ಅದನ್ನು ಸಿಕ್ಕಿಸಿದರೆ ಆಟ ಹೊಸದಾಗಿ, ಕಷ್ಟವಾಗಿ ಬದಲಾಗುತ್ತಿತ್ತು. ಅಟಾರಿ ಕೋರ್ಟಿಗೆ ಹೋಯಿತು, ಕೊನೆಗೆ ರಾಜಿಯಾಯಿತು. ಅದೇ ಹುಡುಗರು ‘ಪ್ಯಾಕ್‌ಮ್ಯಾನ್’ ಯಂತ್ರಕ್ಕೆ ಮಾಡಿದ ಇನ್ನೊಂದು ಬೋರ್ಡನ್ನು ಮಿಡ್‌ವೇ ಕಂಪನಿ ಕೊಂಡು, 1982ರಲ್ಲಿ ‘ಮಿಸ್ ಪ್ಯಾಕ್‌ಮ್ಯಾನ್’ ಎಂದು ಬಿಡುಗಡೆ ಮಾಡಿತು. ಬೇರೆಯವರ ಯಂತ್ರ ಬಿಚ್ಚಿದ್ದಕ್ಕೆ ಕೇಸೂ ಬಿತ್ತು, ಬೆಲೆಯೂ ಬಂತು. ಈ ಎರಡು ಮುಖ ಕಥೆಯುದ್ದಕ್ಕೂ ಮತ್ತೆ ಮತ್ತೆ ಎದುರಾಗುತ್ತದೆ.

56 ಕಾಲಿನ ಒಪ್ಪಂದ

ಅಲ್ಲಿಯವರೆಗೆ ಪ್ರತಿ ಕಂಪನಿಯ ವೈರಿಂಗ್ ಬೇರೆ ಬೇರೆ. ಬೋರ್ಡು ಬದಲಿಸಬೇಕೆಂದರೆ ವೈರು ಒಂದೊಂದಾಗಿ ಕತ್ತರಿಸಿ ಸೋಲ್ಡರ್ ಮಾಡಬೇಕಿತ್ತು. 1985ರಲ್ಲಿ ಜಪಾನಿನ ತಯಾರಕರ ಸಂಘ ‘ಜಾಮಾ’ ಎಂಬ ಒಂದೇ ಮಾದರಿಯ ಜೋಡಣೆ ತಂದಿತು. ಪಟ್ಟಿಯ ಒಂದೊಂದು ಬದಿಗೆ 28ರಂತೆ ಒಟ್ಟು 56 ಸಂಪರ್ಕ. ಯಾವ ಕಾಲಿಗೆ ಕರೆಂಟು, ಯಾವುದಕ್ಕೆ ಚಿತ್ರ, ಯಾವುದಕ್ಕೆ ಸದ್ದು, ಯಾವುದಕ್ಕೆ ಗುಂಡಿ ಎಂದು ಮೊದಲೇ ಗೊತ್ತು. ಹಳೆಯ ಬೋರ್ಡು ಎಳೆ, ಹೊಸದು ಸಿಕ್ಕಿಸು, ಮುಗಿಯಿತು.

ಸಣ್ಣ ಊರಿನ ಅಂಗಡಿಯವನಿಗೆ ಇದರಿಂದ ಆದ ಉಪಕಾರ ದೊಡ್ಡದು. ಹುಡುಗರಿಗೆ ಒಂದು ಆಟ ಬೇಸರವಾದರೆ ಇಡೀ ಯಂತ್ರ ಮಾರಬೇಕಿಲ್ಲ, ಬೋರ್ಡು ಮಾತ್ರ ತಂದರೆ ಸಾಕು. 1990ರಲ್ಲಿ ಎಸ್‌ಎನ್‌ಕೆ ಕಂಪನಿಯ ‘ನಿಯೊ ಜಿಯೊ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬೋರ್ಡು ಅಲ್ಲೇ ಇರುತ್ತದೆ, ಕ್ಯಾಸೆಟ್ ಮಾತ್ರ ಬದಲಿಸಬೇಕು. ಅದರ ಕೆಲವು ಮಾದರಿಗಳಲ್ಲಿ ಒಂದೇ ಪೆಟ್ಟಿಗೆಗೆ ಆರು ಆಟದವರೆಗೆ ಹಾಕಬಹುದಿತ್ತು.

ಸಾಲಗಾಮೆ ರಸ್ತೆಯಿಂದ ನಡುಮನೆಗೆ

ಇನ್ನು ಮನೆಯ ಮಾತು. ಮನೆಯಲ್ಲಿ ಗೇಮ್ ಆಡಲು ಮೊದಲು ಟಿವಿ ಬೇಕು. ಟಿವಿ ಊರೂರಿಗೆ ಬರಲು ಆಕಾಶದಲ್ಲಿ ಉಪಗ್ರಹ ಬೇಕು. ಇಸ್ರೊ ತನ್ನ ಮುಖ್ಯ ನಿಯಂತ್ರಣ ಕೇಂದ್ರವನ್ನು ಹಾಸನದ ಸಾಲಗಾಮೆ ರಸ್ತೆಯಲ್ಲಿ ಆರಂಭಿಸಿದ್ದು 1982ರಲ್ಲಿ. ಆ ವರ್ಷದ ಇನ್ಸಾಟ್-1ಎ ಕೆಲವೇ ತಿಂಗಳು ಬಾಳಿತು. 1983ರ ಆಗಸ್ಟಿನಲ್ಲಿ ಹಾರಿದ ಇನ್ಸಾಟ್-1ಬಿ ನಿಂತಿತು. ಅದರ ಬೆನ್ನಿಗೆ ದೇಶದ ಉದ್ದಗಲಕ್ಕೂ ದೂರದರ್ಶನದ ಸಣ್ಣ ಟ್ರಾನ್ಸ್‌ಮಿಟರ್‌ಗಳು ಎದ್ದವು. ಹಾಸನದಲ್ಲಿ ಕೂತವರು ಕಾಯುತ್ತಿದ್ದ ಉಪಗ್ರಹದ ಮೂಲಕ ಹಳ್ಳಿಯ ನಡುಮನೆಗೆ ಟಿವಿ ಬಂತು.

ಆ ಟಿವಿಯ ಆಂಟೆನಾ ತೂತಿಗೆ ಇನ್ನೊಂದು ವೈರು ಸಿಕ್ಕಿಸಬಹುದೆಂದು ತೊಂಬತ್ತರ ಹುಡುಗರು ಕಲಿತರು. ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ತಂದ ‘ಫ್ಯಾಮಿಲಿ ಕಂಪ್ಯೂಟರ್’ನ ನಕಲುಗಳು ‘ಮೀಡಿಯಾ’, ‘ಲಿಟಲ್ ಮಾಸ್ಟರ್’ ಮುಂತಾದ ಹೆಸರಿನಲ್ಲಿ ನಮ್ಮಲ್ಲಿ ಮಾರಾಟವಾದವು. ಕ್ಯಾಸೆಟ್ ಮೇಲೆ ‘9999 ಆಟ’ ಎಂದು ಬರೆದಿರುತ್ತಿತ್ತು. ಒಳಗೆ ಇದ್ದದ್ದು ಬೆರಳೆಣಿಕೆಯಷ್ಟು, ಅವೇ ತಿರುಗಿ ತಿರುಗಿ ಬರುತ್ತಿದ್ದವು. ಅಮೆರಿಕಕ್ಕೆ ಹೋದ ಯಂತ್ರದ ಕ್ಯಾಸೆಟ್‌ಗೆ 72 ಕಾಲು, ಜಪಾನಿನದ್ದಕ್ಕೆ 60. ಹಾಗಾಗಿ ವಿದೇಶದಿಂದ ಯಾರೋ ತಂದ ಕ್ಯಾಸೆಟ್ ಇಲ್ಲಿನ ನಕಲು ಯಂತ್ರಕ್ಕೆ ಹಿಡಿಯುತ್ತಿರಲಿಲ್ಲ. ನಡುವೆ ಒಂದು ಜೋಡಣೆಯ ತುಂಡು ಬೇಕಾಗುತ್ತಿತ್ತು. ಒಂದು ಯಂತ್ರದಲ್ಲಿ ಇನ್ನೊಂದರ ಆಟ ಆಡಿಸುವ ಮೊದಲ ಪಾಠ ಎಷ್ಟೋ ಮನೆಗಳಿಗೆ ಸಿಕ್ಕಿದ್ದು ಹೀಗೆ.

ಬಿಚ್ಚಿದ ಕೈ ಯಾರದು?

ಪೆಟ್ಟಿಗೆ ಬಿಚ್ಚುವ ವಿದ್ಯೆ ಒಳ್ಳೆಯದಕ್ಕೆ ಮಾತ್ರ ಬಳಕೆಯಾಗಲಿಲ್ಲ. ಆ ಕಾಲದ ಬಹಳಷ್ಟು ಬೋರ್ಡುಗಳಲ್ಲಿ ಪುಟ್ಟ ಸ್ವಿಚ್ಚುಗಳ ಸಾಲು ಇರುತ್ತಿತ್ತು. ಒಂದು ನಾಣ್ಯಕ್ಕೆ ಎಷ್ಟು ಜೀವ, ಆಟ ಎಷ್ಟು ಕಷ್ಟ ಎಂದು ಅಂಗಡಿಯವರೇ ಅದರಲ್ಲಿ ಹೊಂದಿಸಬಹುದು. ಇದು ಕಂಪನಿಯೇ ಕೊಟ್ಟ ಸೌಲಭ್ಯ. ಆದರೆ ಹಣ ಕಟ್ಟಿ ಆಡುವ ಯಂತ್ರದಲ್ಲಿ ಇಂಥದೇ ಕೈಚಳಕ ನಡೆದರೆ ಅದು ಜೇಬುಗಳ್ಳತನ.

ಈ ವಿಷಯ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋಯಿತು. ಬೆಂಗಳೂರು ನಗರದಲ್ಲಿ 1989ರ ಆದೇಶವೊಂದು ವಿಡಿಯೊ ಗೇಮ್ ಅಂಗಡಿಗೆ ಪರವಾನಗಿ ಕಡ್ಡಾಯ ಮಾಡಿತ್ತು. ಅಂಗಡಿಯವರು ಅದನ್ನು ಪ್ರಶ್ನಿಸಿದರು. ಎಂ.ಜೆ. ಶಿವಾನಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಆ ಪ್ರಕರಣದ ತೀರ್ಪು 1995ರಲ್ಲಿ ಬಂತು. ಯಂತ್ರವನ್ನು ತಿದ್ದಿ ಆಟಗಾರ ಗೆಲ್ಲುವ ಅವಕಾಶವನ್ನೇ ಇಲ್ಲವಾಗಿಸಬಹುದು ಎಂಬುದನ್ನು ನ್ಯಾಯಾಲಯ ಗಮನಿಸಿತು. ಪರವಾನಗಿ ಬೇಕು ಎಂಬುದನ್ನು ಎತ್ತಿಹಿಡಿಯಿತು.

ಪೆಟ್ಟಿಗೆ ಬಿಚ್ಚುವುದೇ ತಪ್ಪು ಎಂದು ನಾವು ಇದರಿಂದ ತಿಳಿಯಬೇಕಿಲ್ಲ. ಯಾರು ಬಿಚ್ಚಿದರು, ಯಾರ ಲಾಭಕ್ಕೆ, ಆಡುವವನಿಗೆ ಅದು ಗೊತ್ತಿದೆಯೇ ಎಂದು ಕೇಳಬೇಕು. ಗೋದಾಮಿನ ಪೆಟ್ಟಿಗೆಗೆ ಹೊಸ ಆಟ ಹಾಕಿದ್ದು ಎಲ್ಲರಿಗೂ ಕಾಣುವ ಬದಲಾವಣೆ. ಸೋಲಿಸಲೆಂದೇ ಚಿಪ್ಪು ತಿದ್ದಿದ್ದು ಕಾಣದ ಬದಲಾವಣೆ.

ವೇಷ ಹಾಕುವ ತಂತ್ರಾಂಶ

1997ರ ಫೆಬ್ರುವರಿ 5ರಂದು ಇಟಲಿಯ ನಿಕೋಲಾ ಸಾಲ್ಮೋರಿಯಾ ‘ಮೇಮ್’ ಎಂಬ ತಂತ್ರಾಂಶ ಹೊರತಂದ. ಇಂಥದ್ದಕ್ಕೆ ಎಮ್ಯುಲೇಟರ್ ಎನ್ನುತ್ತಾರೆ. ನಮ್ಮ ಊರ ಕುರುಕ್ಷೇತ್ರ ನಾಟಕ ನೆನೆಯಿರಿ. ಹಗಲು ಆಲೂಗಡ್ಡೆ ಗುಣಿ ತೆಗೆದವನು ರಾತ್ರಿ ದುರ್ಯೋಧನನಾಗುತ್ತಾನೆ. ನಡೆ, ನುಡಿ, ಗತ್ತು ಎಲ್ಲ ದುರ್ಯೋಧನನದೇ. ಹಾಗೆಯೇ ಮಾಮೂಲಿ ಕಂಪ್ಯೂಟರ್ ಹಳೆಯ ಗೇಮ್ ಬೋರ್ಡಿನ ವೇಷ ಹಾಕುತ್ತದೆ. ಆಟದ ಪ್ರೋಗ್ರಾಮಿಗೆ ತಾನು ಬೇರೆ ಯಂತ್ರದಲ್ಲಿ ಓಡುತ್ತಿದ್ದೇನೆ ಎಂಬುದು ತಿಳಿಯುವುದೇ ಇಲ್ಲ.

2012ರಲ್ಲಿ ಇಂಗ್ಲೆಂಡಿನಿಂದ ‘ರಾಸ್ಪ್‌ಬೆರಿ ಪೈ’ ಬಂತು. ಅಂಗೈಯಲ್ಲಿ ಹಿಡಿಯುವಷ್ಟು ಕಂಪ್ಯೂಟರ್, ಅಲ್ಲಿನ ಆರಂಭದ ಬೆಲೆ 35 ಡಾಲರ್. 2018ರಲ್ಲಿ ಅಮೆರಿಕದ ‘ಆರ್ಕೇಡ್‌ಒನ್‌ಅಪ್’ ಕಂಪನಿ ಹಳೆಯ ಯಂತ್ರದ ಮುಕ್ಕಾಲು ಅಳತೆಯ, ಮನೆಯಲ್ಲೇ ಜೋಡಿಸಿಕೊಳ್ಳುವ ಪೆಟ್ಟಿಗೆ ಮಾರಲು ತೊಡಗಿತು. ಒಳಗೆ ಬಂದಷ್ಟೇ ಆಟ, ಹೆಚ್ಚಿಗೆ ಸೇರಿಸುವಂತಿಲ್ಲ. ಕೊಂಡ ಕೆಲವರು ಸುಮ್ಮನಿರಲಿಲ್ಲ. ಅದರ ಬೋರ್ಡು ತೆಗೆದು ಪೈ ಕೂರಿಸಿದರು.

ಕೆಲಸದ ಕ್ರಮ ಇಷ್ಟು. ಗುಂಡಿ ಮತ್ತು ಜಾಯ್‌ಸ್ಟಿಕ್‌ನ ವೈರುಗಳನ್ನು ಒಂದು ಸಣ್ಣ ಯುಎಸ್‌ಬಿ ಬೋರ್ಡಿಗೆ ಕೊಡಬೇಕು. ಪರದೆಗೆ ಹೊಂದುವ ಇನ್ನೊಂದು ಬೋರ್ಡು, ಸ್ಪೀಕರಿಗೆ ಪುಟ್ಟ ಆಂಪ್ಲಿಫೈಯರ್. ಮೆಮೊರಿ ಕಾರ್ಡಿಗೆ ‘ರೆಟ್ರೊಪೈ’ಯಂಥ ಉಚಿತ ತಂತ್ರಾಂಶ. ಆಮೇಲೆ ಒಂದೇ ಪೆಟ್ಟಿಗೆ ಫ್ಯಾಮಿಲಿ ಕಂಪ್ಯೂಟರೂ ಆಗುತ್ತದೆ, ಕ್ಯಾಪ್‌ಕಾಮ್ ಬೋರ್ಡೂ ಆಗುತ್ತದೆ.

ತೊಡಕೂ ಉಂಟು. ಪ್ಯಾಕ್‌ಮ್ಯಾನ್‌ಗೆ ನಾಲ್ಕು ದಿಕ್ಕಿನ ಕೋಲು ಬೇಕು, ‘ಸ್ಟ್ರೀಟ್ ಫೈಟರ್’ಗೆ ಎಂಟು ದಿಕ್ಕು ಮತ್ತು ಆರು ಗುಂಡಿ. ಒಂದರ ಪರದೆ ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ. ಬಾತುಕೋಳಿ ಹೊಡೆಯುವ ಹಳೆಯ ಬಂದೂಕು ಇಂದಿನ ಚಪ್ಪಟೆ ಟಿವಿಯಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಹಳೆಯ ಪಿಕ್ಚರ್ ಟ್ಯೂಬ್ ಚಿತ್ರ ಮೂಡಿಸುತ್ತಿದ್ದ ರೀತಿಯನ್ನೇ ನಂಬಿ ಅದನ್ನು ಮಾಡಿದ್ದರು.

ನಮ್ಮ ಊರುಗಳಲ್ಲಿ ಇಂಥದ್ದೊಂದು ಕಟ್ಟಬೇಕೆನ್ನುವವರು ಪೆಟ್ಟಿಗೆಯನ್ನು ಹೊರಗಿನಿಂದ ತರಿಸಬೇಕಿಲ್ಲ. ಪ್ಲೈವುಡ್ ಕೆಲಸ ಬಲ್ಲ ಬಡಗಿ, ವೈರು ಬಲ್ಲ ಟಿವಿ ರಿಪೇರಿಯವರು ಇದ್ದರೆ ಸಾಕು. ಬಿಡಿಭಾಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಎರಡು ಎಚ್ಚರ ಮಾತ್ರ ಬೇಕು. ಅಮೆರಿಕ, ಜಪಾನಿನ ಹಳೆಯ ಯಂತ್ರಗಳು 100ರಿಂದ 120 ವೋಲ್ಟಿನವು, ನಮ್ಮದು 230. ಟ್ರಾನ್ಸ್‌ಫಾರ್ಮರ್ ಇಲ್ಲದೆ ಹಾಕಿದರೆ ಸುಟ್ಟು ಹೋಗುತ್ತದೆ. ಪಿಕ್ಚರ್ ಟ್ಯೂಬಿನ ಹಳೆಯ ಮಾನಿಟರ್ ಪ್ಲಗ್ ತೆಗೆದ ಮೇಲೂ ಜೀವಕ್ಕೆ ಅಪಾಯವಾಗುವಷ್ಟು ಕರೆಂಟ್ ಹಿಡಿದಿಟ್ಟುಕೊಂಡಿರಬಹುದು, ಅನುಭವ ಇಲ್ಲದವರು ಮುಟ್ಟಲೇಬಾರದು. ಇನ್ನು ನಡುವೆ ಕರೆಂಟ್ ಹೋದರೆ ಪೈನ ಮೆಮೊರಿ ಕಾರ್ಡ್ ಕೆಡುವುದುಂಟು. ಹಳ್ಳಿಯಲ್ಲಿ ಯುಪಿಎಸ್ ಇಲ್ಲದೆ ಈ ಆಟ ಬಹಳ ದಿನ ನಡೆಯುವುದಿಲ್ಲ.

ಕಾನೂನಿನ ಮಾತೂ ಇದೆ. ನಾವೇ ನ್ಯಾಯವಾಗಿ ಕೊಂಡ ಪ್ರೋಗ್ರಾಮಿನ ಪ್ರತಿಯನ್ನು ಸ್ವಂತಕ್ಕೆ, ವ್ಯಾಪಾರಕ್ಕಲ್ಲದೆ ಮಾಡಿಕೊಳ್ಳಲು ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಆದರೆ ಆಟ ಹಳೆಯದಾಯಿತು ಎಂದ ಮಾತ್ರಕ್ಕೆ ಅದು ಎಲ್ಲರ ಸೊತ್ತಾಗುವುದಿಲ್ಲ. ಅಂತರ್ಜಾಲದಲ್ಲಿ ಸಿಕ್ಕ ಸಾವಿರ ಆಟ ತುಂಬಿ ಜಾತ್ರೆಯಲ್ಲಿ ದುಡ್ಡು ವಸೂಲಿ ಮಾಡಲು ಈ ಸೆಕ್ಷನ್ ನೆರವಿಗೆ ಬರುವುದಿಲ್ಲ.

ಕೈಯಲ್ಲಿರುವ ಪೆಟ್ಟಿಗೆ

ಈಗ ನೀವು ಇದನ್ನು ಓದುತ್ತಿರುವ ಫೋನೇ ಎಲ್ಲಕ್ಕಿಂತ ದೊಡ್ಡ ಗೇಮ್ ಪೆಟ್ಟಿಗೆ. ಅಂಗಡಿಯ ಯಂತ್ರಕ್ಕೆ ಹಿಂದೆ ಒಂದು ಬಾಗಿಲಿತ್ತು. ರಿಪೇರಿಯವರು ತೆರೆದಾಗ ಹುಡುಗರು ಇಣುಕಿ ನೋಡಬಹುದಿತ್ತು. ಫೋನಿನ ಆಟದ ಬಾಗಿಲು ನಮ್ಮ ಕೈಗೆ ಸಿಗುವುದಿಲ್ಲ, ಅದು ಎಲ್ಲೋ ದೂರದ ಸರ್ವರ್‌ನಲ್ಲಿದೆ. ಅಲ್ಲಿ ಗೆಲುವು ಸೋಲನ್ನು ಯಾರು ಹೇಗೆ ಹೊಂದಿಸಿದ್ದಾರೆ ಎಂದು ಆಡುವವನಿಗೆ ಕಾಣದು. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಅಂಗೀಕರಿಸಿತು. 1995ರಲ್ಲಿ ಸುಪ್ರೀಂ ಕೋರ್ಟಿನ ಮುಂದಿದ್ದ ಅನುಮಾನವೇ ಮೂವತ್ತು ವರ್ಷದ ಮೇಲೆ ಫೋನಿನ ಬಗ್ಗೆಯೂ ಎದ್ದು ನಿಂತಿದೆ.

ನಿಮ್ಮ ಅಟ್ಟದ ಮೇಲೆ ಹಳೆಯ ಟಿವಿ ಗೇಮ್ ಇದ್ದರೆ ಗುಜರಿಗೆ ಹಾಕುವ ಮುನ್ನ ಮನೆಯ ಮಕ್ಕಳನ್ನು ಕರೆಯಿರಿ. ಪ್ಲಗ್ ತೆಗೆದು, ನಾಲ್ಕು ಸ್ಕ್ರೂ ಬಿಚ್ಚಿ, ಒಳಗಿನ ಬೋರ್ಡು ತೋರಿಸಿ. ಇದು ಆಟದ ಚಿಪ್ಪು, ಇದು ಗುಂಡಿಯ ವೈರು, ಇದನ್ನು ಬದಲಿಸಿದರೆ ಆಟ ಬದಲಾಗುತ್ತದೆ ಎಂದು ಹೇಳಿ. ಒಮ್ಮೆ ಪೆಟ್ಟಿಗೆಯ ಒಳಗೆ ನೋಡಿದ ಮಗು, ಮುಂದೆ ದುಡ್ಡು ಕೇಳುವ ಆಟ ಎದುರಾದಾಗ ಇದರ ಒಳಗೆ ಏನಿದೆ ಎಂದು ಕೇಳುವ ಸಂಭವ ಹೆಚ್ಚು.