ನಾಣೇಘಾಟದ ದಾರಿ ಮತ್ತು ಅದರ ಶಾಸನ

ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಸಹ್ಯಾದ್ರಿಯು ದೂರದ ವಸ್ತುವಲ್ಲ. ಮಳೆ ನಿಂತ ಬೆಳಗಿನಲ್ಲಿ ಪೂರ್ವಕ್ಕೆ ಕಣ್ಣು ಹಾಯಿಸಿದರೆ ಅದರ ಗೋಡೆ ನಿಚ್ಚಳವಾಗಿ ಕಾಣುವುದು. ಶನಿವಾರ ರಾತ್ರಿ ಹೊರಟು ಭಾನುವಾರ ಸಂಜೆಗೆ ಮರಳುವ ಚಾರಣಗಳು ಈ ಊರುಗಳಲ್ಲಿ ಈಗ ವಾಡಿಕೆಯಾಗಿವೆ. ಬಸ್ಸು, ಮಾರ್ಗದರ್ಶಿ, ಬೆಳಗಿನ ಅವಲಕ್ಕಿ, ಹಳ್ಳಿಯ ಮನೆಯೊಂದರಲ್ಲಿ ಪಿಠಲೆ-ಭಾಕರಿಯ ಊಟ, ಇವೆಲ್ಲ ಒಂದೇ ಶುಲ್ಕದಲ್ಲಿ ಒದಗುವುವು. ಗಿರಿಯ ಸೊಬಗು, ಪ್ರಾಚೀನ ಇತಿಹಾಸ ಎರಡನ್ನೂ ತೋರಿಸುವೆವೆಂದು ಇವುಗಳ ಪ್ರಕಟಣೆಗಳು ಹೇಳುತ್ತವೆ. ಮೊದಲನೆಯದು ನಿಜವಾಗಿಯೂ ದೊರೆಯುವುದು. ಎರಡನೆಯದರಲ್ಲಿ ಎಷ್ಟು ಪಾಲು ಇತಿಹಾಸ, ಎಷ್ಟು ಪಾಲು ಕಥೆ ಎಂಬುದನ್ನು ನಾಣೇಘಾಟವೊಂದನ್ನೇ ನಿದರ್ಶನವಾಗಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದಾರಿ ಹೊರಡುವುದು ಕಲ್ಯಾಣದಿಂದ. ಇದು ಬಸವಣ್ಣನವರ ಕಲ್ಯಾಣವಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಊರಿನಿಂದ ಬರುವ ನೆಂಟರು ಈ ಪ್ರಶ್ನೆಯನ್ನು ಕೇಳದೆ ಬಿಡುವುದಿಲ್ಲ. ಚಾಲುಕ್ಯರ ಕಲ್ಯಾಣವು ಬೀದರ ಜಿಲ್ಲೆಯದು. ಅದು ರಾಜಧಾನಿಯಾದುದು ಕ್ರಿ. ಶ. 11ನೆಯ ಶತಮಾನದಲ್ಲಿ. ಉಲ್ಹಾಸ ನದಿಯ ದಂಡೆಯ ಈ ಕಲ್ಯಾಣವು ಅದಕ್ಕಿಂತ ಸಾವಿರ ವರ್ಷ ಮೊದಲೇ ಬಂದರಾಗಿತ್ತು. ಕ್ರಿ. ಶ. ಒಂದನೆಯ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ಗ್ರಂಥವು ಇದನ್ನು ಕಲ್ಲಿಯೆನ ಎಂದು ಕರೆದಿದೆ. ಹಿಂದೆ ಇಲ್ಲಿ ವ್ಯಾಪಾರವು ವಿಧಿವತ್ತಾಗಿ ನಡೆಯುತ್ತಿತ್ತೆಂದೂ, ಒಡೆತನ ಬದಲಾದ ಮೇಲೆ ಇಲ್ಲಿಗೆ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಭರುಕಚ್ಛಕ್ಕೆ ಒಯ್ಯುತ್ತಿದ್ದರೆಂದೂ ಅದರಿಂದ ತಿಳಿದುಬರುವುದು. ಘಟ್ಟದ ಮೇಲಿನ ಜುನ್ನರ, ಅದರಾಚೆ ಗೋದಾವರಿಯ ತೀರದ ಪ್ರತಿಷ್ಠಾನ, ಎಂದರೆ ಇಂದಿನ ಪೈಠಣ, ಇವುಗಳಿಗೂ ಈ ಬಂದರಿಗೂ ನಡುವೆ ಸರಕು ಏರಿ ಇಳಿಯಬೇಕಾಗಿದ್ದ ದ್ವಾರವೇ ನಾಣೇಘಾಟ.

ಕಲ್ಯಾಣದಿಂದ ಮುರ್ಬಾಡದ ಮೂಲಕ ಮಾಳಶೇಜ ಘಟ್ಟದ ಹೆದ್ದಾರಿಯಲ್ಲಿ ಸಾಗಿ, ವೈಶಾಖರೆಯ ಬಳಿ ಬಸ್ಸಿನಿಂದಿಳಿದರೆ ಕಾಲುದಾರಿ ಮೊದಲಾಗುವುದು. ಕಾಡಿನ ನೆರಳಿನಲ್ಲಿ ಎರಡು ಮೂರು ಗಂಟೆಗಳ ಏರು. ಮೇಲ್ಭಾಗದಲ್ಲಿ ಕಲ್ಲಿನ ಮೆಟ್ಟಿಲುಗಳೂ ನೀರಿನ ತೊಟ್ಟಿಗಳೂ ಕಾಣಸಿಗುವುವು. ಕೊನೆಗೆ ಬಂಡೆಯ ನಡುವಣ ಇಕ್ಕಟ್ಟಾದ ಕಣಿವೆಯಲ್ಲಿ ನುಸುಳಿ ಪ್ರಸ್ಥಭೂಮಿಯನ್ನು ಸೇರಬೇಕು. ಮಳೆಗಾಲದಲ್ಲಿ ಗಾಳಿಯ ರಭಸಕ್ಕೆ ಇಲ್ಲಿಯ ಜಲಪಾತವು ಕೆಳಗೆ ಬೀಳದೆ ಮೇಲಕ್ಕೆ ಚಿಮ್ಮುವುದರಿಂದ ಅದನ್ನು ನೋಡಲು ದೊಡ್ಡ ಜನಸಂದಣಿ ನೆರೆಯುವುದು. ಇತಿಹಾಸವನ್ನು ನೋಡಬಯಸುವವರು ಮಾಗಿಯಲ್ಲಿ ಹೋಗುವುದು ಲೇಸು.

ಕಣಿವೆಯ ಬಾಯಿಯ ಬಳಿ ಚೌಕಾಕಾರದ ಒಂದು ಗುಹೆಯಿದೆ. ಹಿಂಗೋಡೆಯ ಮೇಲೆ ಒಂದು ಕಾಲದಲ್ಲಿ ರಾಜಕುಟುಂಬದ ಉಬ್ಬುಶಿಲ್ಪಗಳಿದ್ದುವು. ಈಗ ಪಾದಗಳ ಗುರುತು ಬಿಟ್ಟರೆ ಅವು ಅಳಿದಿವೆ. ತಲೆಯ ಮೇಲೆ ಕೊರೆದ ಹೆಸರುಗಳು ಮಾತ್ರ ಉಳಿದಿವೆ. ಸಿಮುಕ ಸಾತವಾಹನ, ದೇವಿ ನಾಯನಿಕಾ ಮತ್ತು ರಾಜ ಶಾತಕರ್ಣಿ, ಕುಮಾರ ಭಾಯ, ಒಬ್ಬ ಮಹಾರಥಿ, ಕುಮಾರ ಹಕುಸಿರಿ, ಕುಮಾರ ಸಾತವಾಹನ. ಎಡಬಲ ಗೋಡೆಗಳ ಮೇಲೆ ಬ್ರಾಹ್ಮೀ ಲಿಪಿಯ ಪ್ರಾಕೃತ ಭಾಷೆಯ ದೀರ್ಘ ಶಾಸನವಿದೆ. ಇದನ್ನು ಆಧುನಿಕ ಜಗತ್ತಿಗೆ ಪರಿಚಯಿಸಿದವನು ವಿಲಿಯಂ ಸೈಕ್ಸ್ ಎಂಬ ಸೇನಾಧಿಕಾರಿ. 1828ರ ಬೇಸಿಗೆಯಲ್ಲಿ ಬೆಟ್ಟ ಸುತ್ತುವಾಗ ಅವನು ಇದನ್ನು ಕಂಡನು. ಚಾರಣವೇ ಶಾಸನವನ್ನು ಬೆಳಕಿಗೆ ತಂದಿತೆಂಬುದು ಚಾರಣಿಗರಿಗೆ ಹೆಮ್ಮೆಯ ವಿಷಯ. ಮುಂದೆ ಪ್ರಿನ್ಸೆಪ್, ಭಗವಾನಲಾಲ ಇಂದ್ರಜಿ ಇವರು ಪರಿಶ್ರಮಿಸಿದರು. 1883ರಲ್ಲಿ ಬ್ಯೂಲರ್ ಪಾಠ ಪರಿಷ್ಕರಿಸಿ ಪ್ರಕಟಿಸಿದನು.

ಶಾಸನವು ಧರ್ಮ, ಇಂದ್ರ, ಸಂಕರ್ಷಣ-ವಾಸುದೇವ, ಚಂದ್ರಸೂರ್ಯ ಮತ್ತು ನಾಲ್ವರು ಲೋಕಪಾಲರ ವಂದನೆಯಿಂದ ಆರಂಭವಾಗುವುದು. ಅನಂತರ ಒಬ್ಬ ರಾಣಿಯ ವರ್ಣನೆ. ಆಕೆ ಮಹಾರಥಿಯ ಮಗಳು, ರಾಜಕುಮಾರರ ತಾಯಿ, ಮಾಸಗಟ್ಟಲೆ ಉಪವಾಸವಿದ್ದವಳು, ಮನೆಯಲ್ಲಿದ್ದೇ ತಪಸ್ವಿನಿಯಾದವಳು. ವಿಧವೆಯಾದ ರಾಣಿಯ ಚಿತ್ರವಿದೆಂಬುದು ಸ್ಪಷ್ಟ. ಬಳಿಕ ಅಶ್ವಮೇಧವೇ ಮೊದಲಾದ ಯಜ್ಞಗಳೂ ಅವುಗಳ ದಕ್ಷಿಣೆಗಳೂ ಪಟ್ಟಿಯಾಗಿವೆ. ಒಂದೆಡೆ 1700 ಹಸುಗಳು, 10 ಆನೆಗಳು ಎಂದಿದೆ. ಈ ದಾನಗಳ ಲೆಕ್ಕವೇ ಗಣಿತದ ಇತಿಹಾಸಕ್ಕೆ ನಿಧಿಯಾಗಿದೆ. ಸೊನ್ನೆಯೂ ಸ್ಥಾನಬೆಲೆಯೂ ಇಲ್ಲಿಲ್ಲ. ಸಾವಿರಕ್ಕೆ ಒಂದು ಚಿಹ್ನೆ, ಏಳುನೂರಕ್ಕೆ ಇನ್ನೊಂದು, ಎರಡನ್ನೂ ಒತ್ತಿನಲ್ಲಿಟ್ಟರೆ 1700.

ಪಂಕ್ತಿಗಳು ಅಲ್ಲಲ್ಲಿ ಒಡೆದುಹೋಗಿವೆ. ನಾಯನಿಕೆಯ, ಅಥವಾ ವಿದ್ವಾಂಸರು ಸಾಮಾನ್ಯವಾಗಿ ಕರೆಯುವ ನಾಗನಿಕೆಯ, ಹೆಸರು ಸ್ಪಷ್ಟವಾಗಿರುವುದು ಶಿಲ್ಪದ ಮೇಲಿನ ಚೀಟಿಯಲ್ಲಿ. ದೊಡ್ಡ ಶಾಸನದ ರಾಣಿಯೂ ಅವಳೇ ಎಂಬುದು ಎರಡನ್ನೂ ಜೋಡಿಸಿ ಮಾಡಿದ ಅನುಮಾನ. ಬಲವಾದ ಅನುಮಾನವೇ ಹೌದು. ಯಜ್ಞಗಳನ್ನು ಮಾಡಿದವಳು ಅವಳೋ, ಪತಿಯೊಡನೆ ಕುಳಿತವಳು ಮಾತ್ರವೋ ಎಂಬ ಚರ್ಚೆಯು ಕೆಲವು ಅಳಿದ ಅಕ್ಷರಗಳನ್ನೇ ಅವಲಂಬಿಸಿದೆ. ಇಂತಹ ಗೋಡೆಯ ಅಕ್ಷರಕ್ಕೆ ಛಾಯಾಚಿತ್ರಕ್ಕಾಗಿ ಸೀಮೆಸುಣ್ಣ ತುಂಬುವುದು ಅನ್ಯಾಯ. ಬಹುಕಾಲ ಚಾರಣಿಗರು ಈ ಗುಹೆಯಲ್ಲಿಯೇ ರಾತ್ರಿ ತಂಗುತ್ತಿದ್ದರು. ಒಲೆಯ ಹೊಗೆಗೆ ಅಕ್ಷರ ತಿಳಿಯದು.

ಆದರೆ ಮಾರ್ಗದರ್ಶಿಗಳು ಹೆಚ್ಚು ಹೊತ್ತು ನಿಲ್ಲುವುದು ಗುಹೆಯ ಮುಂದಲ್ಲ, ಘಟ್ಟದ ತಲೆಯಲ್ಲಿರುವ ಕಲ್ಲಿನ ಹರವಿಯ ಮುಂದೆ. ಸಾತವಾಹನರ ಕಾಲದಲ್ಲಿ ಸುಂಕದ ನಾಣ್ಯಗಳನ್ನು ಇದರಲ್ಲಿ ಹಾಕುತ್ತಿದ್ದರು, ದಿನಕ್ಕೊಮ್ಮೆ ತುಂಬುತ್ತಿತ್ತು, ಆದುದರಿಂದಲೇ ಇದು ನಾಣ್ಯದ ಘಟ್ಟ ಎಂದು ಅವರು ಹೇಳುವರು. ಇಂತಹ ದಾರಿಯಲ್ಲಿ ಸುಂಕವಿದ್ದಿತೆಂಬುದು ಸಂಭವನೀಯವೇ. ಆದರೆ ಹರವಿಯ ಮೇಲೆ ಹಾಗೆಂದು ಬರೆದಿಲ್ಲ. ಗುಹೆಯ ಶಾಸನವು ಸುಂಕದ ಮಾತೆತ್ತುವುದಿಲ್ಲ. ಹೆಸರಿನ ವ್ಯುತ್ಪತ್ತಿಯೂ ಅಷ್ಟು ಸುಲಭವಲ್ಲ. ಮರಾಠಿಯ ‘ನಾಣೆ’ಯಲ್ಲಿ ಣಕಾರವಿದೆ, ಪಕ್ಕದ ಶಿಖರವನ್ನು ಜನರು ಕರೆಯುವ ‘ನಾನಾಚಾ ಅಂಗಠಾ’, ಎಂದರೆ ನಾನಾನ ಹೆಬ್ಬೆರಳು, ಇದರಲ್ಲಿ ನಕಾರವಿದೆ. ನಾಣ್ಯವೋ, ನಾನಾ ಎಂಬ ವ್ಯಕ್ತಿಯೋ? ದಾರಿಯ ಹೆಸರಿನಿಂದ ಹರವಿಯನ್ನೂ, ಹರವಿಯಿಂದ ಹೆಸರನ್ನೂ ಸಾಧಿಸುವ ಈ ತರ್ಕವು ಕಥೆಗೆ ಒಪ್ಪುವುದೇ ಹೊರತು ಇತಿಹಾಸಕ್ಕಲ್ಲ.

ನಮ್ಮವರಲ್ಲಿಯೂ ಒಂದು ಆತುರವಿದೆ. ಸಾತವಾಹನರು ಕನ್ನಡಿಗರೇ ಎಂದು ಗುಹೆಯ ಮುಂದೆ ನಿಂತು ಸಾರುವವರುಂಟು. ಮರಾಠಿಗರೂ ತೆಲುಗರೂ ಇದೇ ಮಾತನ್ನು ತಮ್ಮ ಪರವಾಗಿ ಆಡುವರು. ಶಾಸನದ ಭಾಷೆ ಪ್ರಾಕೃತ. ಅದು ಮೂವರಲ್ಲಿ ಯಾರ ಪಕ್ಷವನ್ನೂ ವಹಿಸದು. ಕರ್ನಾಟಕಕ್ಕೆ ಈ ವಂಶದ ಸಂಬಂಧವಿಲ್ಲವೆಂದು ಇದರ ಅರ್ಥವಲ್ಲ. ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ ದೊರೆತ ಶಿಲ್ಪಗಳ ಮೇಲೆಯೂ ಹೀಗೆಯೇ ಹೆಸರುಗಳನ್ನು ಕೊರೆದಿದ್ದಾರೆ. ಅಶೋಕನ ಜೊತೆಗೆ ಸಾತವಾಹನ ರಾಜರೂ ಅಲ್ಲಿ ಕಾಣುವರು. ನಾಣೇಘಾಟದಲ್ಲಿ ಅಳಿದ ಮುಖಗಳ ಕೊರತೆಯನ್ನು ಆ ಶಿಲ್ಪಗಳು ಎಷ್ಟೋ ತುಂಬಿಕೊಡುವುವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕಿದ ಸೀಸದ ನಾಣ್ಯಗಳಲ್ಲಿಯೂ ಒಬ್ಬ ಮಹಾರಥಿಯ ಹೆಸರಿದೆ. ಕನ್ನಡದ ನೇರವಾದ ನಂಟನ್ನೇ ಹುಡುಕುವವರು ಠಾಣೆಯ ಮಗ್ಗುಲ ಕಾನ್ಹೇರಿಗೆ ಹೋಗಬೇಕು. ಅಲ್ಲಿ ಶಕ 765, 775, 799ರ ಶಾಸನಗಳಲ್ಲಿ ಕೊಂಕಣದ ಶಿಲಾಹಾರರು ತಮ್ಮ ಒಡೆಯನಾದ ಅಮೋಘವರ್ಷನನ್ನು ಹೆಸರಿಸಿದ್ದಾರೆ. ಅವನೇ ನಮ್ಮ ನೃಪತುಂಗ.

ನಾಣೇಘಾಟದ ಮಗ್ಗುಲಲ್ಲಿಯೇ ಜೀವಧನ ದುರ್ಗವಿದೆ. ನಿಜಾಮಶಾಹಿಯ ಎಳೆಯ ಮುರ್ತಜಾ ಇಲ್ಲಿ ಸೆರೆಯಲ್ಲಿದ್ದನು. 1633ರ ಸುಮಾರಿಗೆ ಶಹಾಜಿ ಭೋಸಲೆ ಅವನನ್ನು ಬಿಡಿಸಿ ಪಟ್ಟಗಟ್ಟಿದನು. 1636ರಲ್ಲಿ ಠಾಣೆ ಜಿಲ್ಲೆಯ ಮಾಹುಲಿ ದುರ್ಗದಲ್ಲಿ ಮೊಗಲರ ಮತ್ತು ಬಿಜಾಪುರದ ಸೈನ್ಯಗಳ ಮುತ್ತಿಗೆಗೆ ಶಹಾಜಿ ಶರಣಾಗಿ ಆದಿಲಶಾಹಿಯ ಸೇವೆಗೆ ಸೇರಿದನು. ಎರಡು ವರ್ಷಗಳಲ್ಲಿ ರಣದುಲ್ಲಾಖಾನನೊಡನೆ ಬೆಂಗಳೂರಿಗೆ ಬಂದು ಅದನ್ನು ಜಹಗೀರಾಗಿ ಪಡೆದನು. ಅವನ ಸಮಾಧಿಯಿರುವುದು ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ. ಮಾಹುಲಿಗೂ ಭಾನುವಾರದ ಚಾರಣಗಳುಂಟು. ಶಹಾಜಿಯ ಬದುಕಿನ ಈ ಉತ್ತರಾರ್ಧವನ್ನು ಅಲ್ಲಿ ಹೇಳಬಲ್ಲವರು ಕನ್ನಡಿಗರೇ.

ರೈಲು 1854ರಲ್ಲಿ ಕಲ್ಯಾಣಕ್ಕೆ ಬಂದಿತು. 1863ರಲ್ಲಿ ಬೋರಘಾಟ, 1865ರಲ್ಲಿ ಥಳಘಾಟ ಹಳಿಗಳಿಗೆ ತೆರೆದುವು. ಅಲ್ಲಿಗೆ ಹಳೆಯ ಘಟ್ಟದಾರಿಗಳ ಸರಕುಸಾಗಣೆ ಕುಗ್ಗಿತು. ಈಗ ಏರುವವರು ಬಹುಪಾಲು ಚಾರಣಿಗರು. ಗುಹೆಯನ್ನು ನೋಡಿ ಬಂದ ದಾರಿಯಲ್ಲೇ ಇಳಿದುಬಿಡುವರು. ಸಮಯವಿದ್ದವರು ಮುಂದೆ ಜುನ್ನರದವರೆಗೆ ಹೋಗಬೇಕು. ಅಲ್ಲಿಯ ಗುಹೆಗಳ ನಡುವೆ ಕಲ್ಯಾಣದ ಅಕ್ಕಸಾಲಿಗನೊಬ್ಬನು ಕೊಡಿಸಿದ ನೀರಿನ ತೊಟ್ಟಿಯೊಂದಿದೆ; ಊರಿನ ಹೆಸರನ್ನೂ ಕಸುಬನ್ನೂ ಅವನು ಬ್ರಾಹ್ಮಿಯಲ್ಲಿ ಬರೆಯಿಸಿದ್ದಾನೆ.