ಒರಗಿ ತುಳಿಯುವ ಸೈಕಲ್ಲಿನ ಕಥೆ

ಸವೆದ ಹಲ್ಲಿನ ಮೇಲೆ ಹೊಸ ಚೈನು ಹಾಕಿದರೆ ಜಾರುತ್ತದೆ. ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವ ನಮ್ಮವರಿಗೆ ಇದು ಗೊತ್ತಿದ್ದದ್ದೇ. ಹಿಂದಕ್ಕೆ ಒರಗಿ, ಕಾಲು ಮುಂದೆ ಚಾಚಿ ತುಳಿಯುವ ರಿಕಂಬೆಂಟ್ ಸೈಕಲ್ಲಿಗೂ ಅದೇ ನಿಯಮ.

1933ರ ಜುಲೈ 7ರಂದು ಪ್ಯಾರಿಸ್ಸಿನಲ್ಲಿ ಫ್ರಾನ್ಸಿಸ್ ಫೋರ್ ಇಂಥದ್ದೇ ಸೈಕಲ್ಲಿನಲ್ಲಿ ಒಂದು ಗಂಟೆಗೆ 45 ಕಿಲೋಮೀಟರ್ ದಾಟಿ, 1914ರ ದಾಖಲೆ ಮುರಿದರು. ಅದನ್ನು ಕಟ್ಟಿದವರು ಷಾರ್ಲ್ ಮೋಶೆ. ಫೋರ್ ಮುಂಚೂಣಿಯ ಸವಾರರಾಗಿರಲಿಲ್ಲ, ಗೆಲ್ಲಿಸಿದ್ದು ಯಂತ್ರ. ಮರುವರ್ಷವೇ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಅದನ್ನು ಸ್ಪರ್ಧೆಯಿಂದ ಹೊರಗಿಟ್ಟಿತು.

ಆದರೂ ಆ ಸೈಕಲ್ಲು ಸಾಯಲಿಲ್ಲ. ಪೆಡಲು ಮುಂದಿರುವುದರಿಂದ ಅದಕ್ಕೆ ಉದ್ದ ಚೈನು ಬೇಕು. ಸಾಮಾನ್ಯ ಸೈಕಲ್ಲಿನ ಎರಡು ಮೂರು ಚೈನುಗಳನ್ನು ಜೋಡಿಸಿ, ಸವೆದ ಗಿಯರುಗಳನ್ನೂ ಜೊತೆಗೇ ಬದಲಿಸಿ, ಹಳೆಯ ಗಾಡಿಗಳನ್ನು ಅಭಿಮಾನಿಗಳು ಇಂದಿಗೂ ಓಡಿಸುತ್ತಿದ್ದಾರೆ. ಒಕ್ಕೂಟ ಮುಚ್ಚಿದ್ದು ಸ್ಪರ್ಧೆಯ ಬಾಗಿಲನ್ನು ಮಾತ್ರ, ರಸ್ತೆಯನ್ನಲ್ಲ.