ಕಡಲಾಚೆಯ ನೋಂದಣಿ: ಅಮೆರಿಕದ ಪರವಾನಗಿ ಮತ್ತು ಏಷ್ಯಾದ ದಾದಿಯರು

ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ದಾದಿಯ ಅರ್ಹತೆಗೆ ಆಸ್ಪತ್ರೆ ಕೊಟ್ಟ ಪ್ರಮಾಣಪತ್ರವೊಂದೇ ಸಾಕ್ಷಿಯಾಗಿತ್ತು. ಅದಿಲ್ಲದವರೂ ದಾದಿಯೆಂದು ಹೇಳಿಕೊಂಡು ದುಡಿಯಲು ಹೆಚ್ಚಿನ ದೇಶಗಳಲ್ಲಿ ಕಾನೂನಿನ ಅಡ್ಡಿಯಿರಲಿಲ್ಲ. ಸರ್ಕಾರದ ಅಧಿಕಾರವುಳ್ಳ ಮಂಡಳಿಯೊಂದು ಅರ್ಹರನ್ನು ಪರೀಕ್ಷಿಸಿ ಅವರ ಹೆಸರುಗಳನ್ನು ಪಟ್ಟಿಯೊಂದರಲ್ಲಿ ದಾಖಲಿಸುವ ಪದ್ಧತಿ, ಅಂದರೆ ನೋಂದಣಿ, ಬಹುಪಾಲು ದಾದಿಯರೇ ಹೋರಾಡಿ ಪಡೆದುಕೊಂಡದ್ದು. ನ್ಯೂಜಿಲೆಂಡ್ 1901ರಲ್ಲಿ ಇದಕ್ಕಾಗಿಯೇ ಪ್ರತ್ಯೇಕ ಕಾನೂನು ಮಾಡಿತು. ಬ್ರಿಟನ್ನಿನಲ್ಲಿ ಎಥೆಲ್ ಬೆಡ್‌ಫರ್ಡ್ ಫೆನ್‌ವಿಕ್ ಮೂರು ದಶಕ ಸೆಣಸಿದ ಮೇಲೆ 1919ರಲ್ಲಿ ಅಂಥ ಕಾನೂನು ಬಂತು. ಆಕೆಯನ್ನು ವಿರೋಧಿಸಿದವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಕೂಡ ಇದ್ದಳು ಎಂಬುದು ಗಮನಾರ್ಹ. ಒಳ್ಳೆಯ ದಾದಿಗೆ ಬೇಕಾದ ಶೀಲವನ್ನು ಪರೀಕ್ಷೆಯಿಂದ ಅಳೆಯಲಾಗದೆಂಬುದು ಆಕೆಯ ವಾದವಾಗಿತ್ತು. ಆ ವಾದ ಅಂದು ಸೋತಿತಾದರೂ ಅದು ಎತ್ತಿದ ಪ್ರಶ್ನೆ ಇಂದಿಗೂ ಜೀವಂತವಾಗಿದೆ.

ಅಮೆರಿಕದಲ್ಲಿ ವೃತ್ತಿಗಳಿಗೆ ಪರವಾನಗಿ ಕೊಡುವ ಅಧಿಕಾರ ರಾಜ್ಯಗಳದ್ದಾದ್ದರಿಂದ ನೋಂದಣಿಯೂ ರಾಜ್ಯ ರಾಜ್ಯವಾಗಿಯೇ ಬೆಳೆಯಿತು. 1903ರಲ್ಲಿ ನಾರ್ತ್ ಕ್ಯಾರೊಲಿನಾ ಮೊದಲ ಕಾನೂನು ಮಾಡಿತು. ಅದೇ ವರ್ಷ ನ್ಯೂಜೆರ್ಸಿ, ನ್ಯೂಯಾರ್ಕ್ ಮತ್ತು ವರ್ಜೀನಿಯಾ ಅದನ್ನು ಹಿಂಬಾಲಿಸಿದವು. ಈ ಮೊದಲ ಕಾನೂನುಗಳು ಕಾಪಾಡಿದ್ದು ‘ನೋಂದಾಯಿತ ದಾದಿ’ ಎಂಬ ಬಿರುದನ್ನೇ ಹೊರತು ಕೆಲಸವನ್ನಲ್ಲ. ನೋಂದಣಿಯಿಲ್ಲದೆ ಕೂಲಿಗೆ ಶುಶ್ರೂಷೆ ಮಾಡುವುದನ್ನೇ ನಿಷೇಧಿಸುವ ಕಡ್ಡಾಯ ಪರವಾನಗಿಯ ಕಾನೂನನ್ನು ಮೊದಲು ಮಾಡಿದ್ದು ನ್ಯೂಯಾರ್ಕ್, ಅದೂ 1938ರಲ್ಲಿ. ಒಂದೊಂದು ರಾಜ್ಯದಲ್ಲಿ ಒಂದೊಂದು ಬಗೆಯ ಪ್ರಶ್ನೆಪತ್ರಿಕೆಯಿದ್ದ ಗೊಂದಲ ನೀಗಲು 1944ರಿಂದ ಎಲ್ಲ ಮಂಡಳಿಗಳೂ ಬಳಸಬಹುದಾದ ಸಾಮಾನ್ಯ ಪ್ರಶ್ನೆಪತ್ರಿಕೆಗಳು ಸಿದ್ಧವಾಗತೊಡಗಿದವು. ಇಷ್ಟೆಲ್ಲ ನಡೆದದ್ದು ಒಳನಾಡಿನ ದಾದಿಯರನ್ನು ಮನಸ್ಸಿನಲ್ಲಿಟ್ಟುಕೊಂಡೇ.

ಹೊರನಾಡಿನವರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಫಿಲಿಪ್ಪೀನ್ಸ್‌ನಿಂದ, ಮತ್ತು ಅದಕ್ಕೆ ಕಾರಣ ವಸಾಹತುಶಾಹಿಯ ಇತಿಹಾಸದಲ್ಲಿದೆ. 1898ರಲ್ಲಿ ಆ ದ್ವೀಪಗಳನ್ನು ಕೈವಶಮಾಡಿಕೊಂಡ ಅಮೆರಿಕ ಅಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆಗಳನ್ನೂ ತನ್ನದೇ ಮಾದರಿಯ ನರ್ಸಿಂಗ್ ಶಿಕ್ಷಣವನ್ನೂ ನೆಲೆಗೊಳಿಸಿತು. ಇಲೊಯಿಲೊ ನಗರದ ಮಿಷನ್ ಆಸ್ಪತ್ರೆಯ ನರ್ಸಿಂಗ್ ಶಾಲೆ 1906ರಷ್ಟು ಹಿಂದಿನದು. ಹೀಗೆ ತಯಾರಾದ ದಾದಿಯರನ್ನು 1948ರಲ್ಲಿ ಆರಂಭವಾದ ವಿನಿಮಯ ಸಂದರ್ಶಕರ ಯೋಜನೆ ಎರಡು ವರ್ಷದ ಅವಧಿಗೆ ಅಮೆರಿಕಕ್ಕೆ ಕರೆಸಿಕೊಂಡಿತು. 1956ರಿಂದ 1969ರವರೆಗೆ 11,000ಕ್ಕೂ ಹೆಚ್ಚು ಫಿಲಿಪ್ಪೀನ್ಸ್ ದಾದಿಯರು ಈ ಯೋಜನೆಯಲ್ಲಿ ಹೋದರು. ಕಲಿಕೆಯೆಂಬುದು ಕಾಗದದ ಮೇಲಿನ ಉದ್ದೇಶವಾಗಿತ್ತು. ಅನೇಕ ಆಸ್ಪತ್ರೆಗಳು ಅವರಿಂದ ಪೂರ್ಣ ದಾದಿಯ ಕೆಲಸ ಮಾಡಿಸಿಕೊಂಡು ವಿದ್ಯಾರ್ಥಿವೇತನದಷ್ಟೇ ಹಣ ಕೊಟ್ಟವು. ಕಲಿಯಲು ಬಂದವರೆಂದು ಎಣಿಸಲ್ಪಟ್ಟ ಕಾರಣಕ್ಕೇ ಅವರಿಗೆ ಪರವಾನಗಿಯ ರಕ್ಷಣೆಯೂ ದಾದಿಯ ಸಂಬಳವೂ ದೊರೆಯಲಿಲ್ಲ, ಆದರೆ ರಾತ್ರಿಪಾಳಿಯ ವಾರ್ಡುಗಳು ಮಾತ್ರ ಅವರ ಪಾಲಿಗೆ ತಪ್ಪಲಿಲ್ಲ.

1965ರ ವಲಸೆ ಕಾನೂನು ರಾಷ್ಟ್ರವಾರು ಹಂಚಿಕೆಯನ್ನು ರದ್ದುಮಾಡಿ ಕೌಶಲವುಳ್ಳವರಿಗೆ ಬಾಗಿಲು ತೆರೆದ ಮೇಲೆ ಫಿಲಿಪ್ಪೀನ್ಸ್ ದಾದಿಯರ ಜೊತೆಗೆ ಭಾರತದವರೂ, ಅವರಲ್ಲಿ ಬಹುಪಾಲು ಕೇರಳದ ಹೆಣ್ಣುಮಕ್ಕಳು, ಅಲ್ಲಿಗೆ ಹೊರಟರು. ವೀಸಾ ಪಡೆಯಲು ಊರಿನ ನೋಂದಣಿ ಸಾಕಾಗುತ್ತಿತ್ತು, ದಾದಿಯಾಗಿ ದುಡಿಯಲು ಅದು ಸಾಕಾಗುತ್ತಿರಲಿಲ್ಲ. ರಾಜ್ಯ ಮಂಡಳಿಯ ಪರೀಕ್ಷೆಯಲ್ಲಿ ವೈದ್ಯಕೀಯ, ಶಸ್ತ್ರಚಿಕಿತ್ಸೆ, ಪ್ರಸೂತಿ, ಮಕ್ಕಳು ಮತ್ತು ಮನೋರೋಗ ಎಂಬ ಐದು ವಿಭಾಗಗಳ ಶುಶ್ರೂಷೆಗೆ ಐದು ಪತ್ರಿಕೆಗಳಿದ್ದು, ಐದರಲ್ಲೂ ಉತ್ತೀರ್ಣರಾಗಬೇಕಿತ್ತು. ಹೊರನಾಡಿನಲ್ಲಿ ಓದಿದವರಲ್ಲಿ ಹೆಚ್ಚಿನವರು ಮೊದಲ ಯತ್ನದಲ್ಲಿ ಅನುತ್ತೀರ್ಣರಾಗುತ್ತಿದ್ದರು. ಇದನ್ನು ಅವರ ಜ್ಞಾನದ ಕೊರತೆಯೆಂದಷ್ಟೇ ಓದುವುದು ಅನ್ಯಾಯ. ವಿಷಣ್ಣನಾದ ರೋಗಿಗೆ ದಾದಿ ಯಾವ ಮಾತು ಹೇಳಬೇಕೆಂಬ ಪ್ರಶ್ನೆಗೆ ಆ ಸಮಾಜದ ಮಾತಿನ ರೀತಿಯನ್ನು ಅರಿತವರು ಮಾತ್ರ ನಿರೀಕ್ಷಿತ ಉತ್ತರವನ್ನು ಗುರುತಿಸಬಲ್ಲರು. ರೋಗಿಯ ಮನೆಯವರೇ ಹಾಸಿಗೆಯ ಪಕ್ಕ ಕುಳಿತು ಸಂತೈಸುವ ಆಸ್ಪತ್ರೆಗಳಲ್ಲಿ ಪಳಗಿದವರಿಗೆ ಆ ಪ್ರಶ್ನೆಯೇ ಹೊಸದು. ಸೋತವರು ಸಹಾಯಕಿಯರ ಸಂಬಳಕ್ಕೆ ದುಡಿದರು. ಕೆಲಸದ ಮೇಲೆ ನಿಂತ ವೀಸಾದಲ್ಲಿದ್ದವರಿಗೆ ಗಡೀಪಾರಿನ ಭಯವೂ ಇತ್ತು.

ಈ ಸ್ಥಿತಿಗೆ ಉತ್ತರವಾಗಿ ಅಮೆರಿಕದ ದಾದಿಯರ ಸಂಘ ಮತ್ತು ನರ್ಸಿಂಗ್ ಶಿಕ್ಷಣದ ರಾಷ್ಟ್ರೀಯ ಒಕ್ಕೂಟ ಸೇರಿ 1977ರಲ್ಲಿ ವಿದೇಶೀ ನರ್ಸಿಂಗ್ ಶಾಲೆಗಳ ಪದವೀಧರರ ಆಯೋಗವೊಂದನ್ನು ಫಿಲಡೆಲ್ಫಿಯಾದಲ್ಲಿ ಸ್ಥಾಪಿಸಿದವು. ದಾದಿಯರ ಮಾತಿನಲ್ಲಿ ಇಂದಿಗೂ ಅದು ಸಿ.ಜಿ.ಎಫ್.ಎನ್.ಎಸ್. ಆಯೋಗ ಓದಿನ ದಾಖಲೆಗಳನ್ನು ತೂಗಿ ನೋಡಿ, ದಾದಿ ಸ್ವದೇಶ ಬಿಡುವ ಮೊದಲೇ ವೃತ್ತಿಜ್ಞಾನ ಮತ್ತು ಇಂಗ್ಲಿಷಿನ ಪೂರ್ವಪರೀಕ್ಷೆ ನಡೆಸತೊಡಗಿತು. ದೂರದೇಶದಲ್ಲಿ ಸೋತು ಅತಂತ್ರರಾಗುವವರ ಸಂಖ್ಯೆಯನ್ನು ಇದು ತಗ್ಗಿಸಿತೆಂಬುದನ್ನು ಒಪ್ಪಲೇಬೇಕು. ಆದರೆ ಅಮೆರಿಕದಲ್ಲಿದ್ದ ಫಿಲಿಪ್ಪೀನ್ಸ್ ದಾದಿಯರು ಅದೇ ವರ್ಷಗಳಲ್ಲಿ ಸಂಘಟಿತರಾಗಿ, ಮಂಡಳಿಯ ಪರೀಕ್ಷೆಯೇ ಪಕ್ಷಪಾತದ್ದಾಗಿರಬಹುದೇ ಎಂಬುದನ್ನು ತನಿಖೆ ಮಾಡಬೇಕೆಂದೂ ಸೋತವರನ್ನು ದೇಶದಿಂದ ಹೊರಹಾಕಬಾರದೆಂದೂ ಒತ್ತಾಯಿಸಿದರು. ಆಯೋಗದ ಪರೀಕ್ಷೆ ಆ ಮೂಲಪ್ರಶ್ನೆಯನ್ನು ಬಗೆಹರಿಸಲಿಲ್ಲ. ಸೋಲುವ ಜಾಗವನ್ನು ಅಮೆರಿಕದಿಂದ ದಾದಿಯ ತವರಿಗೆ ಸರಿಸಿತು, ಮತ್ತು ಸೋಲಿನ ಖರ್ಚನ್ನು ಅವಳ ಮನೆಯವರ ಮೇಲೆ ಹೊರಿಸಿತು.

ಮುಂದಿನ ಬದಲಾವಣೆಗಳೂ ಇದೇ ದಿಕ್ಕಿನಲ್ಲಿ ಸಾಗಿದವು. 1982ರಲ್ಲಿ ಐದು ಪತ್ರಿಕೆಗಳ ಬದಲು ಎನ್‌ಕ್ಲೆಕ್ಸ್ ಎಂಬ ಒಂದೇ ಸಮಗ್ರ ಪರೀಕ್ಷೆ ಬಂತು. ವರ್ಷಕ್ಕೆ ಎರಡೇ ಸಲ ನಡೆಯುತ್ತಿದ್ದ ಅದು 1994ರಲ್ಲಿ ಕಂಪ್ಯೂಟರಿಗೆ ಬದಲಾಗಿ, ಅಭ್ಯರ್ಥಿ ಕೊಟ್ಟ ಉತ್ತರವನ್ನು ನೋಡಿಕೊಂಡು ಮುಂದಿನ ಪ್ರಶ್ನೆಯ ಕಾಠಿಣ್ಯವನ್ನು ನಿರ್ಧರಿಸುವ ಹೊಂದಾಣಿಕೆಯ ಪರೀಕ್ಷೆಯಾಯಿತು. 1996ರ ವಲಸೆ ಕಾನೂನು ಹೊರನಾಡಿನ ದಾದಿಯರ ಓದು, ಪರವಾನಗಿ ಮತ್ತು ಇಂಗ್ಲಿಷನ್ನು ವೀಸಾಕ್ಕೆ ಮೊದಲೇ ಪ್ರಮಾಣೀಕರಿಸಬೇಕೆಂದು ವಿಧಿಸಿತು. 2005ರಲ್ಲಿ ಎನ್‌ಕ್ಲೆಕ್ಸ್ ಮೊದಲ ಬಾರಿಗೆ ಅಮೆರಿಕದ ಆಡಳಿತವಿಲ್ಲದ ನೆಲದಲ್ಲಿ, ಲಂಡನ್, ಸೋಲ್ ಮತ್ತು ಹಾಂಗ್‌ಕಾಂಗ್‌ಗಳಲ್ಲಿ ನಡೆಯಿತು. ಅನಂತರ ಭಾರತದಲ್ಲೂ ಕೇಂದ್ರಗಳು ತೆರೆದು, ಅವುಗಳಲ್ಲಿ ಬೆಂಗಳೂರೂ ಒಂದಾಯಿತು.

ಬೆಂಗಳೂರು ಈ ಚರಿತ್ರೆಯೊಳಗೆ ಬರುವುದು ಪರೀಕ್ಷಾಕೇಂದ್ರವಾಗಿ ಮಾತ್ರವಲ್ಲ. ಭಾರತದಲ್ಲಿ 1947ರ ಕಾನೂನಿನಿಂದ ಹುಟ್ಟಿದ ಭಾರತೀಯ ನರ್ಸಿಂಗ್ ಪರಿಷತ್ತು ಶಿಕ್ಷಣದ ಮಟ್ಟವನ್ನು ನಿಗದಿಮಾಡಿದರೂ ಹೆಸರು ದಾಖಲಾಗುವುದು ರಾಜ್ಯ ಪರಿಷತ್ತುಗಳಲ್ಲಿ. ಅಂದಿನ ಮೈಸೂರು ರಾಜ್ಯದ ಕಾನೂನು 1961ರದು. ಇಪ್ಪತ್ತನೆಯ ಶತಮಾನದ ಕೊನೆಗೆ ಬೆಂಗಳೂರು, ಮಂಗಳೂರುಗಳಲ್ಲಿ ಖಾಸಗಿ ನರ್ಸಿಂಗ್ ಕಾಲೇಜುಗಳು ಹೆಚ್ಚಿದಾಗ ಅವುಗಳನ್ನು ತುಂಬಿದವರಲ್ಲಿ ಕೇರಳದ ವಿದ್ಯಾರ್ಥಿಗಳು ಬಹಳ ಮಂದಿ ಇದ್ದುದರಿಂದ ಕರ್ನಾಟಕದ ದಾಖಲೆಯಲ್ಲಿ ಮಲಯಾಳಿ ಹೆಸರುಗಳು ಹೇರಳವಾಗಿವೆ. ಹೊರದೇಶದ ಮಂಡಳಿಗಳು ಅಭ್ಯರ್ಥಿಯ ಕೈಯಲ್ಲಿರುವ ಪ್ರಮಾಣಪತ್ರವನ್ನು ನಂಬದೆ, ಓದಿನ ವಿವರ ಕಾಲೇಜಿನಿಂದಲೂ ನೋಂದಣಿಯ ದೃಢೀಕರಣ ಪರಿಷತ್ತಿನಿಂದಲೂ ನೇರವಾಗಿ ಬರಬೇಕೆಂದು ಕೇಳುತ್ತವೆ; ಆದ್ದರಿಂದ ಓದು ಮುಗಿಸಿ ಎಷ್ಟೋ ವರ್ಷ ಬೇರೆಡೆ ದುಡಿದವರೂ ಮತ್ತೆ ಬೆಂಗಳೂರಿನ ಕಚೇರಿಗೇ ಬರಬೇಕಾಗುತ್ತದೆ. ಇದರಲ್ಲಿ ಗಂಡಸರ ಕಷ್ಟ ಬೇರೆಯೇ ಬಗೆಯದು. ಭಾರತದ ಹಳೆಯ ಡಿಪ್ಲೊಮಾ ಪಠ್ಯಕ್ರಮ ಗಂಡು ವಿದ್ಯಾರ್ಥಿಗಳಿಗೆ ಸೂಲಗಿತ್ತಿ ತರಬೇತಿಯ ಬದಲು ಬೇರೆ ವಿಷಯವನ್ನು ಕೊಡುತ್ತಿತ್ತು. ಅಮೆರಿಕದ ಮಂಡಳಿಗಳಾದರೋ ಪ್ರಸೂತಿ ಶುಶ್ರೂಷೆಯ ಪಾಠವನ್ನೂ ವಾರ್ಡಿನ ಗಂಟೆಗಳನ್ನೂ ಎಲ್ಲರಿಂದಲೂ ಕೇಳಿದವು. ಹೃದ್ರೋಗ ವಿಭಾಗದಲ್ಲೋ ತುರ್ತುನಿಗಾ ಘಟಕದಲ್ಲೋ ನುರಿತಿದ್ದವರೂ ಹದಿಹರೆಯದಲ್ಲಿ ತಮಗೆ ಕಲಿಸದೇ ಬಿಟ್ಟ ಆ ಒಂದು ವಿಷಯಕ್ಕಾಗಿ ಮತ್ತೆ ವಿದ್ಯಾರ್ಥಿಗಳಾಗಬೇಕಾಯಿತು, ಇಲ್ಲವೇ ಅರ್ಜಿಯನ್ನೇ ಕೈಬಿಡಬೇಕಾಯಿತು.